"ಇಲ್ಲೊಂದು ಸೈನ್ ಹಾಕಿ": ಡಾಕ್ಟ್ರು ಹೇಳಿದ ಮಾತು, ಹೇಳದೇ ಬಿಟ್ಟ ಮಾತು

1/11
ಆಪರೇಷನ್‌ಗೆ ಮುಂಚೆ ಒಂದು ಫಾರಂ ತಂದು "ಇಲ್ಲೊಂದು ಸೈನ್ ಹಾಕಿ" ಅಂತಾರಲ್ಲ, ಈ ಸಲದ ಸರಣಿ ಆ ಫಾರಂನ ಇತಿಹಾಸ. ರಾಜರು, ಶಾಸನ, ಯುದ್ಧ ಯಾವುದೂ ಇದರಲ್ಲಿ ಇಲ್ಲ. ಆದ್ರೆ ನಮ್ಮೆಲ್ಲರ ಮನೆಯಲ್ಲೂ ಯಾರಾದ್ರೂ ಒಬ್ರು ಆ ಕಾಗದಕ್ಕೆ ಸಹಿ ಹಾಕಿರ್ತಾರೆ, ಇಲ್ಲಾ ಹೆಬ್ಬೆಟ್ಟು ಒತ್ತಿರ್ತಾರೆ.

ನಮ್ಮ ಕಡೆ ಅದು ಹೆಂಗೆ ನಡೆಯುತ್ತೆ ಅಂತ ನಿಮಗೂ ಗೊತ್ತು. ಮಳವಳ್ಳಿ ಕಡೆಯಿಂದಲೋ ಮದ್ದೂರು ಕಡೆಯಿಂದಲೋ ಬೆಳಿಗ್ಗೆ ಬಸ್ ಹತ್ತಿ ಮಂಡ್ಯದ ದೊಡ್ಡಾಸ್ಪತ್ರೆಗೋ ನರ್ಸಿಂಗ್ ಹೋಮ್‌ಗೋ ಬಂದಿರ್ತಾರೆ. ಫಾರಂ ಎಷ್ಟೋ ಸಲ ಇಂಗ್ಲಿಷಲ್ಲೇ ಇರುತ್ತೆ. "ಎಲ್ಲಿ ಒತ್ತಬೇಕು ತೋರ್ಸವ್ವ" ಅಂತ ಅಜ್ಜಿ ಕೇಳುತ್ತೆ, ನರ್ಸಮ್ಮ ಬೆರಳಿಟ್ಟು ತೋರಿಸ್ತಾರೆ. ಏನು ಮಾಡ್ತಾರೆ ಅಂತ ಕೇಳಿದ್ರೆ "ಏನೂ ಆಗಲ್ಲ, ಡಾಕ್ಟ್ರು ನೋಡ್ಕೋತಾರೆ ಬುಡಿ" ಅನ್ನೋ ಉತ್ತರ. ಬಹಳಷ್ಟು ಸಲ ಏನೂ ಆಗೋದೂ ಇಲ್ಲ, ಅದೂ ನಿಜಾನೇ.

ಆದಾಗ? ಆಗ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತೆ: ಮುಂಚೆ ಏನು ಹೇಳಿದ್ರು? ಮನೆಯವರು "ನಮಗೆ ಏನೂ ಹೇಳಲಿಲ್ಲ" ಅಂತಾರೆ. ಆಸ್ಪತ್ರೆಯವರು "ಎಲ್ಲಾ ಹೇಳಿದ್ವಿ, ನೋಡಿ ಸಹಿ ಇದೆ" ಅಂತಾರೆ. ಈ ಜಗಳ ಹೊಸದಲ್ಲ, ಇದಕ್ಕೆ 250 ವರ್ಷಕ್ಕೂ ಮೀರಿದ ಕೋರ್ಟ್ ದಾಖಲೆ ಇದೆ. ಅಲ್ಲಿಂದ ಹಿಡಿದು ನಮ್ಮೂರ ಆಲೆಮನೆವರೆಗೂ ಬರೋಣ. ಹೌದು, ಆಲೆಮನೆನೇ. ಯಾಕೆ ಅಂತ 9ನೇ ಭಾಗದಲ್ಲಿ.

2/11
1767, ಇಂಗ್ಲೆಂಡ್. ಸ್ಲೇಟರ್ ಅನ್ನೋ ಒಬ್ಬರ ಕಾಲು ಮುರಿದು, ಮೂಳೆ ಕೂಡಿಕೊಳ್ತಾ ಇತ್ತು. ಕಟ್ಟು ಬಿಚ್ಚೋಕೆ ಅಂತ ಬೇಕರ್ ಅನ್ನೋ ಸರ್ಜನ್‌ನೂ ಸ್ಟೇಪಲ್ಟನ್ ಅನ್ನೋ ಔಷಧಿಕಾರನನ್ನೂ ಕರೆಸ್ತಾರೆ. ಬಂದವರು ಕಟ್ಟು ಬಿಚ್ಚಿ ಸುಮ್ಮನೆ ಹೋಗಲಿಲ್ಲ. ಕೂಡ್ತಾ ಇದ್ದ ಮೂಳೆಯನ್ನ ಮತ್ತೆ ಮುರಿದು, ಹಲ್ಲುಹಲ್ಲಾಗಿದ್ದ ಒಂದು ಭಾರದ ಕಬ್ಬಿಣದ ಸಾಧನ ಹಾಕಿ ಎಳೆದು ಕಟ್ಟಿದ್ರು. ಸ್ಲೇಟರ್ ಬೇಡ ಅಂತ ಕೂಗಿಕೊಂಡರೂ ಬಿಡಲಿಲ್ಲ.

ಕೇಸ್ ಆಯ್ತು. ಬೇರೆ ಸರ್ಜನ್‌ಗಳು ಬಂದು ಸಾಕ್ಷಿ ಹೇಳಿದ್ರು: ರೋಗಿಯ ಒಪ್ಪಿಗೆ ಇಲ್ಲದೆ ಹಂಗೆ ಮೂಳೆ ಮುರಿಯೋದು ನಮ್ಮ ಕಸುಬಿನ ರೂಢಿ ಅಲ್ಲ ಅಂತ. ಸ್ಲೇಟರ್‌ಗೆ 500 ಪೌಂಡ್ ಪರಿಹಾರ ಸಿಕ್ತು. ಆ ಕಾಲಕ್ಕೆ ದೊಡ್ಡ ಮೊತ್ತ.

ಇಲ್ಲಿ ಕೋರ್ಟ್ ಕೊಟ್ಟ ಕಾರಣ ನನಗೆ ತುಂಬ ಇಷ್ಟ. ಏನು ಮಾಡ್ತೀವಿ ಅಂತ ರೋಗಿಗೆ ಮೊದಲೇ ಹೇಳಬೇಕು, ಯಾಕಂದ್ರೆ ಅವನು ಧೈರ್ಯ ತಂದುಕೊಳ್ಳಬೇಕಲ್ಲ! ಹಕ್ಕು ಗಿಕ್ಕು ಅನ್ನೋ ಮಾತು ಅಲ್ಲಿಲ್ಲ. ಅರಿವಳಿಕೆ ಇಲ್ಲದ ಕಾಲ, ರೋಗಿ ಪೂರ್ತಿ ಎಚ್ಚರವಾಗಿರ್ತಾನೆ, ಹೇಳದೆ ಕೊಯ್ದರೆ ಎದ್ದು ಓಡ್ತಾನೆ. ಹೇಳೋದು ಡಾಕ್ಟ್ರಿಗೂ ಅನುಕೂಲವೇ.

1846ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಈಥರ್ ಕೊಟ್ಟು ಆಪರೇಷನ್ ಮಾಡಿ ತೋರಿಸಿದ ಮೇಲೆ ಲೆಕ್ಕ ಬದಲಾಯ್ತು. ನೋವು ಹೋಯ್ತು, ಅದು ಮನುಷ್ಯಕುಲಕ್ಕೆ ದೊಡ್ಡ ವರ. ಜೊತೆಗೇ ಇನ್ನೊಂದೂ ಹೋಯ್ತು: "ನಿಲ್ಸಿ" ಅನ್ನೋಕೆ ರೋಗಿಗೆ ಇದ್ದ ಬಾಯಿ.

3/11
1908, ನ್ಯೂಯಾರ್ಕ್. ಮೇರಿ ಶ್ಲೋಂಡಾರ್ಫ್ ಅನ್ನೋ ಹೆಂಗಸು ಹೊಟ್ಟೆ ತೊಂದರೆ ಅಂತ ನ್ಯೂಯಾರ್ಕ್ ಹಾಸ್ಪಿಟಲ್‌ಗೆ ಸೇರ್ತಾರೆ. ಪರೀಕ್ಷೆ ಮಾಡಿದಾಗ ಗಡ್ಡೆ ಇದೆ ಅಂತ ಗೊತ್ತಾಯ್ತು. ಯಾವ ಥರದ ಗಡ್ಡೆ ಅಂತ ತಿಳಿಯೋಕೆ ಈಥರ್ ಕೊಟ್ಟು ನೋಡ್ಬೇಕು ಅಂದ್ರು. ಆಕೆ ಪರೀಕ್ಷೆಗೆ ಒಪ್ಪಿ, ಆಪರೇಷನ್ ಮಾತ್ರ ಬೇಡ ಅಂದೆ ಅಂತ ಆಮೇಲೆ ಕೋರ್ಟಿನಲ್ಲಿ ಹೇಳಿದ್ರು. ಎಚ್ಚರ ಆಗೋ ಹೊತ್ತಿಗೆ ಗಡ್ಡೆ ತೆಗೆದಾಗಿತ್ತು. ಆಮೇಲೆ ಕೈಗೆ ಗ್ಯಾಂಗ್ರೀನ್ ಆಗಿ ಕೆಲವು ಬೆರಳುಗಳನ್ನೂ ಕಳಕೊಂಡ್ರು.

1914ರಲ್ಲಿ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಬರೆದ ತೀರ್ಪು ಇವತ್ತಿಗೂ ಲಾ ಕಾಲೇಜುಗಳಲ್ಲಿ ಪಾಠ. ಬುದ್ಧಿ ಸ್ವಾಧೀನದಲ್ಲಿರೋ ವಯಸ್ಕರ ದೇಹಕ್ಕೆ ಏನು ಮಾಡಬೇಕು ಅನ್ನೋದನ್ನ ಅವರೇ ತೀರ್ಮಾನಿಸಬೇಕು, ಒಪ್ಪಿಗೆ ಇಲ್ಲದೆ ಆಪರೇಷನ್ ಮಾಡಿದ್ರೆ ಅದು ಹಲ್ಲೆ ಅನ್ನೋದು ಅದರ ತಿರುಳು. ಎಲ್ರೂ ಈ ಸಾಲನ್ನೇ ಎತ್ತಿ ಎತ್ತಿ ಬರೀತಾರೆ. ಆಕೆ ಆ ಕೇಸ್ ಸೋತರು ಅನ್ನೋದನ್ನ ಮಾತ್ರ ಎಷ್ಟೋ ಜನ ಬಿಟ್ಟುಬಿಡ್ತಾರೆ! ಅದು ಧರ್ಮಾರ್ಥ ಆಸ್ಪತ್ರೆ, ಡಾಕ್ಟ್ರು ಮಾಡಿದ್ದಕ್ಕೆ ಸಂಸ್ಥೆ ಹೊಣೆ ಅಲ್ಲ ಅಂತ ತೀರ್ಮಾನ ಆಯ್ತು. ತತ್ವ ಗೆದ್ದಿತು, ಹೆಂಗಸಿಗೆ ಏನೂ ಸಿಗಲಿಲ್ಲ.

ಪರೀಕ್ಷೆಗೆ ಅಂತ ಮಲಗಿದ ಹೆಂಗಸು, ಅರಿವಳಿಕೆ, ಎದ್ದಾಗ ಒಳಗಿಂದ ಏನೋ ಹೋಗಿದೆ. ಇದನ್ನ ನೆನಪಿಟ್ಕೊಳ್ಳಿ.

4/11
1995ರ ಮೇ 9, ದೆಹಲಿ. 44 ವರ್ಷದ ಅವಿವಾಹಿತೆ ಸಮೀರಾ ಕೊಹ್ಲಿ ಮುಟ್ಟಿನ ರಕ್ತಸ್ರಾವ ನಿಲ್ತಾ ಇಲ್ಲ ಅಂತ ಒಂದು ಕ್ಲಿನಿಕ್‌ಗೆ ಹೋಗ್ತಾರೆ. ಸ್ಕ್ಯಾನ್ ಆಯ್ತು. ಸರಿಯಾಗಿ ಗೊತ್ತಾಗ್ಬೇಕಾದ್ರೆ ಅರಿವಳಿಕೆ ಕೊಟ್ಟು ಲ್ಯಾಪರೊಸ್ಕೋಪಿ ಮಾಡಬೇಕು ಅಂದ್ರು. ಮಾರನೇ ದಿನ ಬಂದು ಫಾರಂಗೆ ಸಹಿ ಹಾಕಿದ್ರು. ಅದರಲ್ಲಿ ಲ್ಯಾಪರೊಸ್ಕೋಪಿ ಅಂತಲೂ, ಬೇಕಾದ್ರೆ ಹೊಟ್ಟೆ ತೆರೆದು ನೋಡಬೇಕಾಗಬಹುದು ಅಂತಲೂ ಇತ್ತು. ಗರ್ಭಕೋಶ ತೆಗೆಯೋ ಮಾತಿರಲಿಲ್ಲ.

ಆಕೆಗೆ ಎಚ್ಚರ ಇಲ್ಲದಾಗ ಒಳಗಿಂದ ಸಹಾಯಕ ಡಾಕ್ಟರ್ ಒಬ್ಬರು ಹೊರಗೆ ಬಂದು, ಕಾಯ್ತಾ ಕೂತಿದ್ದ ವಯಸ್ಸಾದ ತಾಯಿ ಹತ್ರ ಗರ್ಭಕೋಶ ತೆಗೆಯೋಕೆ ಒಪ್ಪಿಗೆ ತಗೊಂಡ್ರು. ಗರ್ಭಕೋಶ, ಎರಡೂ ಅಂಡಾಶಯ ಎಲ್ಲಾ ತೆಗೆದ್ರು.

ಇಲ್ಲಿ ಒಂದು ನಿಮಿಷ ನಿಲ್ಲಿ. ಆ ತಾಯಿ ಜಾಗದಲ್ಲಿ ನಮ್ಮ ಅಮ್ಮಂದಿರನ್ನ ಕೂರಿಸಿ ನೋಡಿ. ಒಳಗೆ ಮಗಳು ಮಲಗಿದ್ದಾಳೆ, ಡಾಕ್ಟರ್ ಬಂದು "ತೆಗೀಬೇಕು" ಅಂತಾರೆ. "ಇಲ್ಲ, ಅವಳು ಏಳ್ಲಿ, ಅವಳನ್ನೇ ಕೇಳಿ" ಅನ್ನೋಕೆ ಎಷ್ಟು ಜನಕ್ಕೆ ಬಾಯಿ ಬರುತ್ತೆ? ನಮ್ಮ ಕಡೆ ಆಸ್ಪತ್ರೇಲಿ ಮಾತಾಡೋದೇ ಮನೆಯವರ ಜೊತೆ. "ಪೇಷಂಟ್ ಕಡೆಯವರು ಯಾರು?" ಅಂತ ಕೂಗ್ತಾರೆ. ಪೇಷಂಟ್ ಅಲ್ಲೇ ಮಲಗಿರ್ತಾರೆ, ಅವರಿಗೆ ಹೇಳಲ್ಲ. ನಮಗೆ ಇದು ಎಷ್ಟು ಅಭ್ಯಾಸ ಆಗಿದೆ ಅಂದ್ರೆ ವಿಚಿತ್ರ ಅಂತ ಅನ್ಸೋದೂ ಇಲ್ಲ.

ಕೊಹ್ಲಿ ಆಸ್ಪತ್ರೆ ಬಿಲ್ ಕಟ್ಟಲಿಲ್ಲ, ಕೇಸ್ ಹಾಕಿದ್ರು. 2003ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ದೂರು ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿಗೆ ಹೋದ್ರು.

5/11
2008ರ ಜನವರಿ 16ರಂದು ತೀರ್ಪು ಬಂತು. ಮೂವರು ನ್ಯಾಯಮೂರ್ತಿಗಳ ಪೀಠದ ಪರವಾಗಿ ಅದನ್ನ ಬರೆದವರು ಆರ್.ವಿ. ರವೀಂದ್ರನ್. ಇವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಆಗಿದ್ದು, ಆಮೇಲೆ ಸುಪ್ರೀಂ ಕೋರ್ಟಿಗೆ ಹೋದವರು.

ಕೋರ್ಟ್ ಹೇಳಿದ್ದು ಇಷ್ಟು. ಪ್ರಾಣಕ್ಕೆ ಅಪಾಯ ಇರೋ ತುರ್ತು ಸಂದರ್ಭ ಅದಾಗಿರಲಿಲ್ಲ. ಆಕೆ ವಯಸ್ಕೆ, ತಾತ್ಕಾಲಿಕವಾಗಿ ಎಚ್ಚರ ಇರಲಿಲ್ಲ ಅಷ್ಟೇ. ಹಂಗಿದ್ದಾಗ ತಾಯಿ ಆಗಲಿ ಇನ್ಯಾರೇ ಆಗಲಿ ಆಕೆ ಪರವಾಗಿ ಒಪ್ಪಿಗೆ ಕೊಡೋಕೆ ಬರಲ್ಲ, ಆಕೆ ಏಳೋವರೆಗೂ ಕಾಯಬೇಕು. ರೋಗ ಪತ್ತೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಒಪ್ಪಿಗೆ ಆಗಲ್ಲ. ಒಂದು ಚಿಕಿತ್ಸೆಗೆ ಕೊಟ್ಟಿದ್ದು ಇನ್ನೊಂದಕ್ಕೆ ಆಗಲ್ಲ.

ಇನ್ನೂ ಮುಖ್ಯವಾದದ್ದು, ಒಪ್ಪಿಗೆಗೆ ಮುಂಚೆ ಏನೇನು ಹೇಳಬೇಕು ಅಂತಲೂ ಬರೆದರು: ಏನು ಮಾಡ್ತೀವಿ, ಯಾಕೆ ಮಾಡ್ತೀವಿ, ಬೇರೆ ದಾರಿ ಏನಿದೆ, ದೊಡ್ಡ ಅಪಾಯಗಳು ಯಾವುವು, ಮಾಡಿಸದಿದ್ರೆ ಏನಾಗುತ್ತೆ. ಅಪರೂಪಕ್ಕೆ ಆಗೋ ಸಣ್ಣಪುಟ್ಟ ಅಪಾಯನೆಲ್ಲ ಪಟ್ಟಿ ಮಾಡಿ ಹೆದರಿಸೋದು ಬೇಕಿಲ್ಲ.

ಪರಿಹಾರ ಎಷ್ಟು ಗೊತ್ತಾ? 25,000 ರೂಪಾಯಿ, ಜೊತೆಗೆ ಕ್ಲಿನಿಕ್‌ನವರು ಬಿಲ್ ಕೇಳೋ ಹಾಗಿಲ್ಲ. ಡಾಕ್ಟರ್ ಕೆಟ್ಟ ಉದ್ದೇಶದಿಂದ ಮಾಡಲಿಲ್ಲ, ರೋಗಿಗೆ ಒಳ್ಳೇದಾಗಲಿ ಅಂತಲೇ ಮಾಡಿದ್ದು ಅಂತ ಕೋರ್ಟ್ ಒಪ್ಪಿತು. 13 ವರ್ಷದ ಹೋರಾಟಕ್ಕೆ ಆ ಮೊತ್ತ ತೀರಾ ಕಡಿಮೆ ಆಯ್ತು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ತೀರ್ಪಿನ ಗಟ್ಟಿತನ ಅಲ್ಲೇ ಇದೆ: ಒಳ್ಳೇ ಮನಸ್ಸಿದ್ರೂ, ಚಾಕು ಸರಿಯಾಗೇ ಆಡಿದ್ರೂ, ಕೇಳದೆ ಮಾಡಿದ್ದು ತಪ್ಪೇ.

ಒಂದು ಕಡೆ ಮಾತ್ರ ಕೋರ್ಟ್ ಹಿಂದೆ ಉಳೀತು. ಎಷ್ಟು ಹೇಳಬೇಕು ಅನ್ನೋದಕ್ಕೆ ಅಳತೆಗೋಲು ಬೇರೆ ಡಾಕ್ಟ್ರುಗಳ ರೂಢಿ ಅಂತ ಇಟ್ಟಿತು. ಇಂಗ್ಲೆಂಡಿನಲ್ಲೂ ಆಗ ಹಂಗೇ ಇತ್ತು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಡೀನ್ ಮಾಂಟ್ಗೊಮರಿ ಕೇಸಿನಲ್ಲಿ ಅದನ್ನ ತಿರುಗಿಸಿ, ರೋಗಿಯ ಜಾಗದಲ್ಲಿರೋರಿಗೆ ಯಾವುದು ಮುಖ್ಯ ಅನ್ನಿಸುತ್ತೋ ಅದನ್ನ ಹೇಳಲೇಬೇಕು ಅಂದಿತು. ಸಕ್ಕರೆ ಕಾಯಿಲೆ ಇದ್ದ ಆಕೆಗೆ ಹೆರಿಗೇಲಿ ಮಗುವಿನ ಭುಜ ಸಿಕ್ಕಿಕೊಳ್ಳೋ ಸಾಧ್ಯತೆ ನೂರಕ್ಕೆ 9–10 ಇತ್ತು. ಹೇಳಿದ್ರೆ ಸಿಸೇರಿಯನ್ ಕೇಳ್ತಾರೆ ಅಂತ ಹೇಳಿರಲಿಲ್ಲ!

6/11
ಈಗ ಬೆಂಗಳೂರಿನವರೊಬ್ಬರ ಕಥೆ. ಪ್ರಶಾಂತ್ ಧನಂಕ. 1990ರಲ್ಲಿ ಅವರಿಗೆ 20 ವರ್ಷ, ಅಂದ್ರೆ ನಮ್ಮ ವಯಸ್ಸು, ಇಂಜಿನಿಯರಿಂಗ್ ವಿದ್ಯಾರ್ಥಿ. ಜ್ವರ ಬಿಟ್ಟು ಬಿಟ್ಟು ಬರ್ತಾ ಇತ್ತು. ಹೈದರಾಬಾದಿನ ನಿಜಾಮ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಎಕ್ಸ್‌ರೇ ತೆಗೆದಾಗ ಎದೆಯೊಳಗೆ ಗಡ್ಡೆ ಕಾಣಿಸ್ತು. ಆ ವರ್ಷ ಅಕ್ಟೋಬರ್‌ನಲ್ಲಿ ಆಪರೇಷನ್ ಆಯ್ತು. ಒಪ್ಪಿಗೆ ಕೊಟ್ಟಿದ್ದು ಬಯಾಪ್ಸಿಗೆ. ಆದ್ರೆ ಗಡ್ಡೆಯನ್ನೇ ತೆಗೆದ್ರು. ಗಡ್ಡೆ ಬೆನ್ನುಮೂಳೆಗೆ ತಾಗಿಕೊಂಡಿದ್ರೂ ನರಗಳ ಸರ್ಜನ್ ಯಾರನ್ನೂ ಜೊತೆಗೆ ಕರೆದಿರಲಿಲ್ಲ. ಎದ್ದಾಗ ಹುಡುಗನಿಗೆ ಸೊಂಟದ ಕೆಳಗೆ ಸ್ವಾಧೀನ ಇರಲಿಲ್ಲ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಓದು ಮುಗಿಸಿ ಬೆಂಗಳೂರಿನಲ್ಲಿ ಇನ್ಫೋಸಿಸ್‌ನಲ್ಲಿ ಕೆಲಸಕ್ಕೆ ಸೇರಿದ್ರು. 1999ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಸುಮಾರು 15 ಲಕ್ಷ ಕೊಡಿಸಿತು. ಆಸ್ಪತ್ರೆಯವರೂ ಒಪ್ಪಲಿಲ್ಲ, ಇವರೂ ಒಪ್ಪಲಿಲ್ಲ. ಸುಪ್ರೀಂ ಕೋರ್ಟಿನಲ್ಲಿ ತಮ್ಮ ವಾದ ತಾವೇ ಮಂಡಿಸಿದ್ರು, ಗಾಲಿಕುರ್ಚಿಯಲ್ಲಿ ಕೂತು.

2009ರ ಮೇ 14ರಂದು ಕೋರ್ಟ್ 1 ಕೋಟಿ ರೂಪಾಯಿ ಮತ್ತು ಬಡ್ಡಿ ಕೊಡಿ ಅಂದಿತು. ಆ ಹೊತ್ತಿಗೆ ಭಾರತದಲ್ಲಿ ವೈದ್ಯಕೀಯ ನಿರ್ಲಕ್ಷ್ಯಕ್ಕೆ ಅಷ್ಟು ದೊಡ್ಡ ಪರಿಹಾರ ಅಪರೂಪ. ಬಯಾಪ್ಸಿಗೆ ಕೊಟ್ಟ ಒಪ್ಪಿಗೆಯಲ್ಲಿ ಗಡ್ಡೆ ತೆಗೆಯೋಕೂ ಒಪ್ಪಿಗೆ ಸೇರಿದೆ ಅನ್ನೋ ವಾದವನ್ನ ಕೋರ್ಟ್ ತಳ್ಳಿಹಾಕ್ತು. ಅದಕ್ಕೆ ಆಧಾರ ಮಾಡಿಕೊಂಡಿದ್ದು ಒಂದು ವರ್ಷದ ಹಿಂದಿನ ಕೊಹ್ಲಿ ತೀರ್ಪನ್ನೇ. 25,000 ಸಿಕ್ಕಿದ ಹೆಂಗಸಿನ ಕೇಸು ಇನ್ನೊಬ್ಬರಿಗೆ ಕೋಟಿ ಕೊಡಿಸೋಕೆ ನೆರವಾಯ್ತು.

7/11
ಕಾಮೆಂಟ್‌ನಲ್ಲಿ ಯಾರಾದ್ರೂ ಕೇಳೇ ಕೇಳ್ತೀರಿ: ಹಂಗಾದ್ರೆ ಚೆನ್ನಾಗಿ ಮಾತಾಡೋ ಡಾಕ್ಟ್ರ ಮೇಲೆ ಕೇಸ್ ಆಗಲ್ವಾ?

ಇದನ್ನ ಅಳತೆ ಮಾಡಿ ನೋಡಿದವರಿದ್ದಾರೆ. ವೆಂಡಿ ಲೆವಿನ್ಸನ್ ಅನ್ನೋ ವೈದ್ಯೆ ಮತ್ತು ಜೊತೆಗಾರರು ಅಮೆರಿಕದಲ್ಲಿ ಡಾಕ್ಟ್ರು ರೋಗಿ ಮಾತುಕತೆ ರೆಕಾರ್ಡ್ ಮಾಡಿ, ಕೇಸ್ ಆದವರನ್ನೂ ಆಗದವರನ್ನೂ ಹೋಲಿಸಿ 1997ರಲ್ಲಿ ಪ್ರಕಟಿಸಿದ್ರು. ಸಾಮಾನ್ಯ ವೈದ್ಯರಲ್ಲಿ ಕೇಸ್ ಆಗದವರು ಒಬ್ಬ ರೋಗಿಗೆ ಸರಾಸರಿ 18.3 ನಿಮಿಷ ಕೊಟ್ಟಿದ್ರು, ಕೇಸ್ ಆದವರು 15. ಕೇಸ್ ಆಗದವರು "ಮೊದಲು ನೋಡ್ತೀನಿ, ಆಮೇಲೆ ಮಾತಾಡೋಣ" ಅಂತ ಮುಂದೇನು ಅನ್ನೋದನ್ನ ಹೇಳ್ತಾ ಇದ್ರು, ರೋಗಿಗೆ ಅರ್ಥ ಆಯ್ತಾ ಅಂತ ಕೇಳ್ತಾ ಇದ್ರು, ಜೊತೇಲಿ ನಗ್ತಾನೂ ಇದ್ರು. ಆದ್ರೆ ಸರ್ಜನ್‌ಗಳಲ್ಲಿ ಈ ವ್ಯತ್ಯಾಸ ಕಾಣಿಸಲಿಲ್ಲ. ರೀಲ್ಸ್‌ನಲ್ಲಿ "ನಗೋ ಡಾಕ್ಟ್ರಿಗೆ ಕೇಸ್ ಆಗಲ್ಲ" ಅಂತ ಹೇಳೋರು ಈ ಕೊನೇ ಮಾತನ್ನ ನುಂಗಿಬಿಡ್ತಾರೆ.

ಈಗ ನಮ್ಮ ಕಡೆ ನೋಡಿ. 67 ದೇಶಗಳ ಲೆಕ್ಕ ಹಾಕಿದ ಒಂದು ಅಧ್ಯಯನ 2017ರಲ್ಲಿ ಬಂತು. ಸ್ವೀಡನ್‌ನಲ್ಲಿ ಒಬ್ಬ ರೋಗಿಗೆ 22 ನಿಮಿಷಕ್ಕೂ ಹೆಚ್ಚು, ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಭಾರತದಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ರವೀಂದ್ರನ್ ಅವರ ಪಟ್ಟಿಯನ್ನ ಹೇಳಿ ಮುಗಿಸೋಕೆ ಆಗುತ್ತಾ? ಡಾಕ್ಟ್ರನ್ನ ಬೈಯೋ ಮುಂಚೆ ಓಪಿಡಿ ಮುಂದಿನ ಕ್ಯೂ ನೋಡ್ಬೇಕು. ನಮ್ಮ ಮಂಡ್ಯದ ಡಾ. ಶಂಕರೇಗೌಡ್ರು ಐದು ರೂಪಾಯಿ ಡಾಕ್ಟ್ರು ಅಂತ ದೇಶಕ್ಕೇ ಗೊತ್ತು. ಆ ಐದು ರೂಪಾಯಿಗಿಂತ ಹೆಚ್ಚಾಗಿ, ಹಳ್ಳಿಯೋರು ಹೆದರದೆ ಹೋಗಿ ಅವರ ಮುಂದೆ ನಿಲ್ತಾರಲ್ಲ, ಅದು ದೊಡ್ಡದು ಅಂತ ನನಗನ್ಸುತ್ತೆ.

ಮಾತು ಮುರಿದಾಗ ಎಲ್ರೂ ಕೋರ್ಟಿಗೆ ಹೋಗಲ್ಲ. ಕೆಲವರು ಕಲ್ಲು ಎತ್ತಿಕೊಳ್ತಾರೆ. ಆಸ್ಪತ್ರೆ ಸಿಬ್ಬಂದಿ ಮೇಲಿನ ಹಲ್ಲೆ ತಡೆಯೋಕೇ ಕರ್ನಾಟಕ 2009ರಲ್ಲಿ ಕಾಯ್ದೆ ತರಬೇಕಾಯ್ತು. ರಾತ್ರಿ ಡ್ಯೂಟಿಯ ಹೌಸ್ ಸರ್ಜನ್ ಹುಡುಗ ಹುಡುಗಿಯರು ನಮ್ಮ ವಯಸ್ಸಿನವರೇ, ಏಟು ತಿನ್ನೋದು ಎಷ್ಟೋ ಸಲ ಅವರೇ.

8/11
ಇಲ್ಲಿವರೆಗೂ ಹೇಳಿದ್ದು ಹೇಳದೇ ಬಿಟ್ಟ ಮಾತಿನ ಕಥೆ. ಹೇಳಿದ ಮಾತೇ ಗಾಯ ಮಾಡಿದ್ದೂ ಉಂಟು, ಅದೂ ನಮ್ಮ ರಾಜ್ಯದಲ್ಲೇ.

ಹಾವೇರಿ ಜಿಲ್ಲೆ ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ 2010ರ ನಂತರದ ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ತೆಗೆಯಲಾಗಿತ್ತು ಅನ್ನೋದು ಹೊರಗೆ ಬಂತು. ಕಲಬುರಗಿಯ ಖಾಸಗಿ ಆಸ್ಪತ್ರೆಗಳ ವಿರುದ್ಧವೂ 2015ರ ಹೊತ್ತಿಗೆ ಇದೇ ದೂರು ಎದ್ದಿತು. ಹೆಂಗಸರ ಸಂಘಟನೆಗಳು, ಕರ್ನಾಟಕ ಜನಾರೋಗ್ಯ ಚಳವಳಿಯವರು ತಾಂಡಾ ತಾಂಡಾ ತಿರುಗಿ ಲೆಕ್ಕ ತೆಗೆದ್ರು. ಅವರ ಲೆಕ್ಕ ಎರಡು ಸಾವಿರ ದಾಟಿತ್ತು. ಹೆಚ್ಚಿನವರು ಲಂಬಾಣಿ ಮತ್ತು ದಲಿತ ಹೆಂಗಸರು, ನಲವತ್ತು ತುಂಬದವರೂ ಬಹಳ ಜನ.

ಅವರು ಆಸ್ಪತ್ರೆಗೆ ಹೋಗಿದ್ದು ಬಿಳಿಮುಟ್ಟು, ಹೊಟ್ಟೆನೋವು, ಸೊಂಟನೋವು ಅಂತ. ತೆಗೆಸದಿದ್ರೆ ಕ್ಯಾನ್ಸರ್ ಆಗುತ್ತೆ ಅಂತ ಹೆದರಿಸಿದ್ರು ಅನ್ನೋದು ಅವರಲ್ಲಿ ಬಹಳ ಜನ ಹೇಳಿದ ಮಾತು. ಈಗ ಯೋಚನೆ ಮಾಡಿ: ಇಲ್ಲಿ ಸಹಿ ಇದೆ. ಹೆಬ್ಬೆಟ್ಟು ಇದೆ. ಒಪ್ಪಿಗೆ ಫಾರಂ ಫೈಲಿನಲ್ಲಿ ನೀಟಾಗಿ ಕೂತಿರುತ್ತೆ. ಕಾಗದದ ಪ್ರಕಾರ ಕೊಹ್ಲಿ ಕೇಸಿನ ತಪ್ಪು ಇಲ್ಲಿ ಆಗೇ ಇಲ್ಲ! ಮಕ್ಕಳನ್ನ ಬಿಟ್ಟು ಸಾಯ್ತೀನಿ ಅನ್ನೋ ಭಯ ಹುಟ್ಟಿಸಿ ಪಡೆದದ್ದನ್ನ ಒಪ್ಪಿಗೆ ಅಂತ ಕರೀಬೇಕಾ?

ಗರ್ಭಕೋಶ ಹೋದ ಮೇಲೆ ಕೂಲಿ ಕೆಲಸದ ಹೆಂಗಸರಿಗೆ ಸೊಂಟ ಹಿಡಿಯುತ್ತೆ, ಬಿಸಿಲಲ್ಲಿ ಬಗ್ಗಿ ಕೆಲಸ ಮಾಡೋಕೆ ಆಗಲ್ಲ ಅಂತ ಅವರೇ ಹೇಳಿಕೊಂಡಿದ್ದಾರೆ. ರಾಣೆಬೆನ್ನೂರಿನ ಹೆಂಗಸರು ಪರಿಹಾರ ಕೇಳ್ಕೊಂಡು ವರ್ಷಗಟ್ಟಲೆ ಬೀದಿಗಿಳಿದ್ರು.

ಬಿಹಾರ, ಛತ್ತೀಸ್‌ಗಢ, ರಾಜಸ್ಥಾನದಲ್ಲೂ ಇದೇ ಥರ ಆಗಿತ್ತು. ಡಾ. ನರೇಂದ್ರ ಗುಪ್ತಾ ಹಾಕಿದ್ದ ಅರ್ಜಿ ಮೇಲೆ 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್, ಬೇಡದ ಗರ್ಭಕೋಶ ಆಪರೇಷನ್ ತಡೆಯೋ ಮಾರ್ಗಸೂಚಿಯನ್ನ ಎಲ್ಲಾ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂದಿತು.

9/11
ಈಗ ಆಲೆಮನೆ.

ಕಬ್ಬು ಅರೆದು, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ, ಅಚ್ಚು ಬೆಲ್ಲ ತೆಗೆಯೋ ಜಾಗ. ಚಿಕ್ಕವರಿದ್ದಾಗ ಬಿಸಿ ಬೆಲ್ಲ ನೆಕ್ಕೋಕೆ ಓಡ್ತಿದ್ದ ಜಾಗ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಜಾಲ ಹಿಡಿದಾಗ, ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಹೇಳ್ತಿದ್ರು ಅನ್ನೋದು ಬಯಲಾಯ್ತು. ಹೆಣ್ಣಾದ್ರೆ ಗರ್ಭಪಾತ. ಮೂರು ವರ್ಷದಲ್ಲಿ ಸುಮಾರು 900 ಅಂತ ಪೊಲೀಸರು ಅಂದಾಜು ಹೇಳಿದ್ರು. ಬಂಧನ ಆದವರಲ್ಲಿ ಡಾಕ್ಟ್ರುಗಳೂ ಇದ್ರು. ತನಿಖೆ ಸಿಐಡಿಗೆ ಹೋಯ್ತು.

ಈ ಸುದ್ದಿ ಬಂದಾಗ ಎಲ್ರೂ "ಛೆ, ನಮ್ಮ ಮಂಡ್ಯ" ಅಂತ ಸ್ಟೋರಿ ಹಾಕಿದ್ವಿ, ಎರಡು ದಿನಕ್ಕೆ ಮರೆತ್ವಿ. ಕಾನೂನಿನ ಪುಸ್ತಕ ತೆಗೆದು ನೋಡಿದ್ರೆ ಅಲ್ಲಿರೋದು ಈ ಸರಣಿಯ ವಿಷಯವೇ. ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯ್ದೆಯಲ್ಲಿ 5ನೇ ಸೆಕ್ಷನ್ ಇದೆ. ಅದಕ್ಕೆ ಎರಡು ಭಾಗ.

ಮೊದಲನೇ ಭಾಗ ಡಾಕ್ಟ್ರಿಗೆ ಮಾತಾಡು ಅನ್ನುತ್ತೆ. ಪ್ರಸವಪೂರ್ವ ಪತ್ತೆ ಪರೀಕ್ಷೆ ಮಾಡೋ ಮುಂಚೆ ಅದರ ಗೊತ್ತಿರೋ ಎಲ್ಲಾ ಅಡ್ಡಪರಿಣಾಮಗಳನ್ನ ಗರ್ಭಿಣಿಗೆ ವಿವರಿಸಬೇಕು, ಅವಳಿಗೆ ಅರ್ಥ ಆಗೋ ಭಾಷೆಯಲ್ಲಿ ಲಿಖಿತ ಒಪ್ಪಿಗೆ ತಗೋಬೇಕು, ಅದರ ಪ್ರತಿ ಅವಳಿಗೆ ಕೊಡಬೇಕು. ಎರಡನೇ ಭಾಗ ಸುಮ್ಮನಿರು ಅನ್ನುತ್ತೆ. ಭ್ರೂಣದ ಲಿಂಗ ಯಾವುದು ಅಂತ ಅವಳಿಗಾಗಲಿ ಮನೆಯವರಿಗಾಗಲಿ ಮಾತಿನಲ್ಲಿ, ಸನ್ನೆಯಲ್ಲಿ, ಬೇರೆ ಯಾವ ರೀತಿಯಲ್ಲೂ ಹೇಳಬಾರದು.

ಆಲೆಮನೆಯಲ್ಲಿ ಇದು ತಲೆಕೆಳಗಾಗಿತ್ತು. ಹೇಳಲೇಬೇಕಾದ್ದನ್ನ ಹೇಳೋಕೆ ಅಲ್ಲಿ ಯಾರೂ ಇರಲಿಲ್ಲ, ಹೇಳಲೇಬಾರದ ಒಂದು ಮಾತಿಗೆ ದುಡ್ಡು ಎಣಿಸ್ತಿದ್ರು. ಇನ್ನೊಂದು ವಿಷಯ. 1971ರ ಗರ್ಭಪಾತ ಕಾಯ್ದೆ ಪ್ರಕಾರ ವಯಸ್ಕ ಹೆಂಗಸಿನ ಗರ್ಭಪಾತಕ್ಕೆ ಬೇಕಾಗಿರೋದು ಅವಳೊಬ್ಬಳ ಒಪ್ಪಿಗೆ. ಗಂಡನದ್ದೂ ಬೇಡ, ಅತ್ತೆಯದ್ದೂ ಬೇಡ. ಆ ಆಲೆಮನೆ ಬಾಗಿಲಿಗೆ ಬಂದ ಹೆಣ್ಣುಮಕ್ಕಳಲ್ಲಿ ಎಷ್ಟು ಜನರನ್ನ "ನಿನಗೆ ಇಷ್ಟ ಇದೆಯಾ ತಾಯಿ" ಅಂತ ಯಾರಾದ್ರೂ ಕೇಳಿರ್ತಾರೆ?

10/11
ಕಾನೂನು ಎಲ್ಲಿಗೆ ಬಂದು ನಿಂತಿದೆ, ಬೇಗ ಬೇಗ ಹೇಳ್ತೀನಿ.

1995ರ ನವೆಂಬರ್ 13ರಂದು ವಿ.ಪಿ. ಶಾಂತಾ ಕೇಸಿನಲ್ಲಿ ಸುಪ್ರೀಂ ಕೋರ್ಟ್, ದುಡ್ಡು ತಗೊಂಡು ಕೊಡೋ ಚಿಕಿತ್ಸೆ ಗ್ರಾಹಕ ಕಾಯ್ದೆಗೆ ಬರುತ್ತೆ ಅಂದಿತು. ಎಲ್ಲರಿಗೂ ಪೂರ್ತಿ ಉಚಿತವಾಗಿ ಚಿಕಿತ್ಸೆ ಕೊಡೋ ಆಸ್ಪತ್ರೆಗಳು ಅದರಿಂದ ಹೊರಗೆ. ಅಂದ್ರೆ ಬಡವರು ಹೆಚ್ಚಾಗಿ ಹೋಗೋ ಕಡೆಗೇ ಸುಲಭದ ಬಾಗಿಲು ಕಿರಿದು. ಅಂಥವರು ಸಿವಿಲ್ ಕೋರ್ಟ್, ಹೈಕೋರ್ಟ್ ಅಂತ ಅಲೀಬೇಕು. ನನಗೆ ಇದು ನ್ಯಾಯ ಅನ್ಸಲ್ಲ.

2005ರ ಜೇಕಬ್ ಮ್ಯಾಥ್ಯೂ ತೀರ್ಪು ಡಾಕ್ಟ್ರುಗಳ ಕಡೆಗೂ ನೋಡಿತು: ಕ್ರಿಮಿನಲ್ ಕೇಸ್ ಆಗಬೇಕಾದ್ರೆ ತೀರಾ ಘೋರವಾದ ನಿರ್ಲಕ್ಷ್ಯ ಇರಬೇಕು, ಬೇರೆ ಡಾಕ್ಟರ ಅಭಿಪ್ರಾಯ ತಗೊಳ್ಳದೆ ಪೊಲೀಸರು ಮುಂದುವರೀಬಾರದು. ಇದು ಸರಿಯಾದದ್ದೇ. ಪ್ರತಿ ಸಾವಿಗೂ ಜೈಲು ಅಂದ್ರೆ ಕಷ್ಟದ ಕೇಸನ್ನ ಯಾವ ಡಾಕ್ಟ್ರೂ ಮುಟ್ಟಲ್ಲ. ಮಂಡ್ಯದಿಂದ "ಮೈಸೂರಿಗೆ ಕರ್ಕೊಂಡೋಗಿ" ಅಂತ ಕಳಿಸೋದು ಇನ್ನೂ ಹೆಚ್ಚಾಗುತ್ತೆ.

2017ರಲ್ಲಿ ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತಂದಾಗ ನಡೆದ ಮುಷ್ಕರ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬೆಳಗಾವಿ ಅಧಿವೇಶನದ ಹೊತ್ತಿಗೆ ರಾಜ್ಯದ ತುಂಬ ಖಾಸಗಿ ಓಪಿಡಿಗಳು ಮುಚ್ಚಿದ್ವು. ಮಸೂದೆಯ ಹಲ್ಲು ಕೆಲವು ಉದುರಿ ಪಾಸಾಯ್ತು. ಆದ್ರೂ ರೋಗಿಗಳ ಹಕ್ಕಿನ ಸನ್ನದು ಉಳೀತು. ಬಿಲ್ ಬಾಕಿ ಇದೆ ಅಂತ ಹೆಣ ಹಿಡಿದಿಟ್ಕೊಳ್ಳೋ ಹಾಗಿಲ್ಲ ಅನ್ನೋದೂ ಉಳೀತು.

11/11
ಕೊನೆಗೆ ಕೈಗೆ ಸಿಗೋ ಒಂದೆರಡು ವಿಷಯ, ಸೇವ್ ಮಾಡ್ಕೊಳ್ಳಿ.

ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ದಾಖಲೆ ಕೇಳಿದ್ರೆ 72 ಗಂಟೆ ಒಳಗೆ ಕೊಡಬೇಕು. ಕೇಸ್ ಶೀಟ್, ರಿಪೋರ್ಟ್, ನೀವು ಸಹಿ ಹಾಕಿದ ಫಾರಂ ಎಲ್ಲವನ್ನೂ ಕೇಳಿ. ಬಾಯಲ್ಲಿ ಕೇಳಿದ್ರೆ "ನಾಳೆ ಬನ್ನಿ" ಅಂತಾರೆ, ಅರ್ಜಿ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಗ್ರಾಹಕ ಆಯೋಗಕ್ಕೆ ಹೋಗೋದಾದ್ರೆ ಎರಡು ವರ್ಷದ ಒಳಗೆ ಹೋಗಬೇಕು. ಮಂಡ್ಯದಲ್ಲೇ ಜಿಲ್ಲಾ ಆಯೋಗ ಇದೆ, ಬೆಂಗಳೂರಿಗೆ ಓಡಬೇಕಿಲ್ಲ.

2016ರಲ್ಲಿ ಅದೇ ಮಂಡಳಿ ಔಷಧಿ ಚೀಟಿಯನ್ನ ಓದೋಕೆ ಆಗೋ ಹಂಗೆ, ಸಾಧ್ಯವಾದ್ರೆ ದಪ್ಪಕ್ಷರದಲ್ಲಿ ಬರೀಬೇಕು ಅಂತ ನಿಯಮಕ್ಕೆ ಸೇರಿಸ್ತು. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆ ಅವರು ಸರ್ಕಾರಿ ವೈದ್ಯರು ಚೀಟಿಯನ್ನ ಕನ್ನಡದಲ್ಲಿ ಬರೀಲಿ ಅಂತ ಆರೋಗ್ಯ ಸಚಿವರನ್ನ ಕೇಳಿದ್ರು. ಕೆಲವು ಡಾಕ್ಟ್ರು ಬರೆದು ಫೋಟೋನೂ ಹಾಕಿದ್ರು, ನಾವೆಲ್ಲ ಶೇರ್ ಮಾಡಿದ್ವಿ. ಚೀಟಿ ಕನ್ನಡದಲ್ಲಿ ಇದ್ರೆ ಖುಷಿ. ಆದ್ರೆ ಮಾತ್ರೆ ಹೆಸರನ್ನ ಮೆಡಿಕಲ್ ಶಾಪಿನವರು ಹೆಂಗೋ ಓದ್ಕೋತಾರೆ. ಒಪ್ಪಿಗೆ ಫಾರಂ ಓದಬೇಕಾದವರು ಮಂಚದ ಮೇಲೆ ಮಲಗಿರೋರು. ಮೊದಲು ಕನ್ನಡಕ್ಕೆ ಬರಬೇಕಾದ ಕಾಗದ ಅದು ಅನ್ನೋದು ನನ್ನ ವಾದ, ಬೇರೆ ಥರ ಅನ್ಸಿದ್ರೆ ಕಾಮೆಂಟ್‌ನಲ್ಲಿ ಜಗಳ ಆಡಿ.

ನಿಮ್ಮ ಮನೇಲಿ ಹಳೇ ಒಪ್ಪಿಗೆ ಫಾರಂ, ಡಿಸ್ಚಾರ್ಜ್ ಕಾಗದ ಇದ್ರೆ ಹೆಸರು, ಆಸ್ಪತ್ರೆ ಹೆಸರು, ನಂಬರ್ ಎಲ್ಲಾ ಮುಚ್ಚಿ ಫೋಟೋ ಕಳಿಸಿ. ಯಾವ ವರ್ಷದ್ದು, ಯಾವ ಭಾಷೆಯಲ್ಲಿದೆ, ಸಹಿಯೋ ಹೆಬ್ಬೆಟ್ಟೋ, ಹಾಕಿದವರು ರೋಗಿಯೋ ಮನೆಯವರೋ ಅಂತ ಒಂದು ಪಟ್ಟಿ ಮಾಡ್ತಾ ಇದ್ದೀನಿ. ಮದ್ದೂರು, ಮಳವಳ್ಳಿ ಕಡೆಯವರು ಸ್ವಲ್ಪ ಜಾಸ್ತಿ ಕಳಿಸ್ರಪ್ಪ.